ಗಾಜಿನ ಸೌಧಗಳಿಗೊಂದು ಸಂಹಿತೆ

ಬೆಂಗಳೂರಿನ ಹೊರವರ್ತುಲ ರಸ್ತೆಯ ಇಕ್ಕೆಲಗಳ ಗಾಜಿನ ಕಚೇರಿಗಳಲ್ಲಿ, ಅಪರಾಹ್ನದ ಬಿಸಿಲಿನ ಪ್ರಖರತೆಯನ್ನು ತಾಳಲಾರದೆ ಪರದೆಗಳನ್ನು ಇಳಿಬಿಟ್ಟು, ಅದರಿಂದ ಕವಿದ ಕತ್ತಲೆಯನ್ನು ನೀಗಲು ಹಗಲಿನಲ್ಲಿಯೇ ದೀಪ ಹೊತ್ತಿಸಿ, ಒಳಸೇರಿದ ತಾಪವನ್ನು ಹೊರದೂಡಲು ಹವಾನಿಯಂತ್ರಣ ಯಂತ್ರಗಳನ್ನು ಎಡೆಬಿಡದೆ ದುಡಿಸುವುದನ್ನು ಕಂಡವರಿಗೆ, ಇಂತಹ ಕಟ್ಟಡಗಳಿಗೆ ಶಾಸನದ ಅಂಕುಶವೇಕೆ ಅವಶ್ಯವಾಯಿತೆಂಬುದು ತಾನಾಗಿ ತಿಳಿಯುವುದು.

2001ರ ಇಂಧನ ಸಂರಕ್ಷಣಾ ಅಧಿನಿಯಮದ ಅನ್ವಯ 2007ರಲ್ಲಿ ಪ್ರಕಟವಾಗಿ 2017ರಲ್ಲಿ ಪರಿಷ್ಕೃತವಾದ ಕಟ್ಟಡ ಸಂಹಿತೆಯು, 100 ಕಿಲೋವ್ಯಾಟ್ ಅಥವಾ ಅದಕ್ಕೂ ಮಿಗಿಲಾದ ಸಂಪರ್ಕಿತ ವಿದ್ಯುತ್ ಹೊರೆಯುಳ್ಳ ವಾಣಿಜ್ಯ ಸೌಧಗಳನ್ನು ಉದ್ದೇಶಿಸಿತು. ಛಾವಣಿ, ಗೋಡೆ, ದೀಪ, ಯಂತ್ರಗಳೊಂದೊಂದಕ್ಕೂ ವಿಧಿಸಿದ ಮಿತಿಗಳನ್ನು ಪಾಲಿಸುವುದು ಒಂದು ಮಾರ್ಗ; ಅದನ್ನು ಹಿಡಿದವನು ಹೊರಗೋಡೆಯ ಶೇಕಡ 40ಕ್ಕಿಂತ ಹೆಚ್ಚು ಭಾಗವನ್ನು ಗಾಜಿಗೆ ಬಿಟ್ಟುಕೊಡುವಂತಿಲ್ಲ. ಇನ್ನೊಂದು ಮಾರ್ಗದಲ್ಲಿ, ತನ್ನ ಕಟ್ಟಡದ ವಾರ್ಷಿಕ ಬಳಕೆಯು ಅದೇ ಆಕಾರದ, ನಿಯಮಬದ್ಧವಾದ ಕಲ್ಪಿತ ಕಟ್ಟಡದ ಬಳಕೆಯನ್ನು ಮೀರದೆಂಬುದನ್ನು ಗಣಕಯಂತ್ರದ ಲೆಕ್ಕದಿಂದ ತೋರಿಸಬೇಕು. ಈ ಎರಡನೆಯದು ವಾಸ್ತುಶಿಲ್ಪಿಯ ಪ್ರತಿಭೆಗೆ ಅವಕಾಶವೀಯುವುದಾದರೂ, ಲೆಕ್ಕದಲ್ಲಿ ನಮೂದಿಸಿದ ಗಾಜೇ ಗೋಡೆಗೇರಿತೆ ಎಂಬುದನ್ನು ಸ್ಥಳಕ್ಕೆ ಹೋಗಿ ಪರೀಕ್ಷಿಸದಿದ್ದಲ್ಲಿ ನಕ್ಷೆಯ ಪರಿಪೂರ್ಣತೆ ವ್ಯರ್ಥವೆಂದೇ ನನ್ನ ದೃಢವಾದ ಅಭಿಪ್ರಾಯ.

ನಮ್ಮ ಹಿರಿಯರು ಕಿಟಕಿಯ ಮೇಲೆ ಚಾಚುತ್ತಿದ್ದ ಸಜ್ಜಾವನ್ನೂ ಈ ಸಂಹಿತೆ ಲೆಕ್ಕಕ್ಕೆ ತೆಗೆದುಕೊಳ್ಳುವುದು ಎಷ್ಟು ಸಂತೋಷದ ಸಂಗತಿ! ನೆರಳು ಬಿದ್ದ ಗಾಜಿನ ಮೂಲಕ ಒಳಬರುವ ಸೂರ್ಯತಾಪ ಕಡಿಮೆಯಾದುದರಿಂದ ಗಾಜಿನ ಗುಣಮಟ್ಟದಲ್ಲಿ ಆ ಮೇರೆಗೆ ಸಡಿಲಿಕೆ ದೊರೆಯುತ್ತದೆ. ಆದರೆ ಸಜ್ಜಾ, ದಿಕ್ಕು, ಕಿಟಕಿಯ ಅಳತೆ ಇವೆಲ್ಲವೂ ಮೊದಲ ನಕ್ಷೆಯಲ್ಲಿಯೇ ನಿರ್ಣಯವಾಗಬೇಕಾದುವು. ಸೌಧ ಮೇಲೆದ್ದ ಬಳಿಕ ಮಾಲೀಕನಿಗೆ ಉಳಿಯುವುದು ದೀಪ ಮತ್ತು ಯಂತ್ರಗಳನ್ನು ಬದಲಾಯಿಸುವ ದುಬಾರಿ ಉಪಾಯ ಮಾತ್ರ.