ಘಟಿಕೋತ್ಸವದ ನಂತರದ ಪಾಠ

ಹಳೆಯ ವಿದ್ಯಾರ್ಥಿಗಳು ನಮ್ಮ ವಿಶ್ವವಿದ್ಯಾಲಯಗಳಿಗೆ ನೆನಪಾಗುವುದು ಸಾಮಾನ್ಯವಾಗಿ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವಾಗ, ಇಲ್ಲವೇ ಕಟ್ಟಡಕ್ಕೆ ದೇಣಿಗೆ ಬೇಕಾದಾಗ. ಆದರೂ ಪದವಿ ಪಡೆದು ಇಪ್ಪತ್ತು ವರ್ಷವಾದವರು ಇಂದು ಮೊಬೈಲಿನಲ್ಲೇ ನಾಲ್ಕು ವಾರದ ಕೋರ್ಸಿಗೆ ಕಾಸು ಕೊಡದೆ ಸೇರಬಹುದು. ಇದೆಲ್ಲ ಇಂಟರ್ನೆಟ್ ಕೊಟ್ಟ ವರವೆಂದುಕೊಂಡವರು ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರದ ಶಿಕ್ಷಣ ಚರಿತ್ರೆಯತ್ತ ಒಮ್ಮೆ ತಿರುಗಿ ನೋಡಬೇಕು.

ನಾಸಿಕ್ ಜಿಲ್ಲೆಯ ನಿಫಾಡದಲ್ಲಿ ಹುಟ್ಟಿದ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ 1875ರಲ್ಲಿ ಪುಣೆಯಲ್ಲಿ ವಸಂತ ವ್ಯಾಖ್ಯಾನಮಾಲೆ ಆರಂಭಿಸಿದರು. ಆ ಪರಂಪರೆ ಮುಂದೆ ನಾಸಿಕಕ್ಕೂ ಬಂತು. ಮೇ ತಿಂಗಳ ಸಂಜೆ, ಗೋದಾವರಿ ದಂಡೆಯ ಬಯಲಿನಲ್ಲಿ ದಿನಕ್ಕೊಂದು ಉಪನ್ಯಾಸ. ಆಮಂತ್ರಣದಲ್ಲಿ ಒಂದೊಂದು ಉಪನ್ಯಾಸಕ್ಕೂ ಮೊದಲ ಪುಷ್ಪ, ಎರಡನೆಯ ಪುಷ್ಪ ಎಂದು ಲೆಕ್ಕ. ಇವತ್ತು ಅರ್ಥಶಾಸ್ತ್ರವಾದರೆ ನಾಳೆ ಸಾಹಿತ್ಯ. ಟಿಕೆಟ್ಟಿಲ್ಲ, ಹಾಜರಿಯಿಲ್ಲ, ಪರೀಕ್ಷೆಯಿಲ್ಲ. ವಕೀಲರು, ನಿವೃತ್ತ ಮೇಷ್ಟ್ರು, ಅಂಗಡಿಯವರು ಯಾರು ಬೇಕಾದರೂ ಬಂದು ಕೂರಬಹುದಿತ್ತು.

ಅತ್ತ ಔರಂಗಾಬಾದಿನ, ಅಂದರೆ ಇಂದಿನ ಛತ್ರಪತಿ ಸಂಭಾಜಿನಗರದ, ಕಥೆ ಬೇರೆ. ಮರಾಠವಾಡ ನಮ್ಮ ಬೀದರ್, ಕಲಬುರಗಿ, ರಾಯಚೂರುಗಳಂತೆ ನಿಜಾಮರ ಸೀಮೆ. ಉನ್ನತ ಶಿಕ್ಷಣಕ್ಕೆ ಹೈದರಾಬಾದಿನ ಕಡೆಗೇ ನೋಡಬೇಕಿತ್ತು. ಡಾ. ಅಂಬೇಡ್ಕರರು ಕೆಲಸಕ್ಕೆ ಹೋಗುವವರಿಗೂ ಓದಲು ಆಗಲೆಂದು ಮುಂಬಯಿಯ ಸಿದ್ಧಾರ್ಥ ಕಾಲೇಜಿನಲ್ಲಿ 1946ರಲ್ಲೇ ಬೆಳಗಿನ ತರಗತಿ ನಡೆಸಿದ್ದರು. 1950ರಲ್ಲಿ ಅವರ ಪೀಪಲ್ಸ್ ಎಜುಕೇಷನ್ ಸೊಸೈಟಿ ಔರಂಗಾಬಾದಿಗೆ ಬಂದು ಕಾಲೇಜು ತೆರೆಯಿತು. ಅದೇ ಇಂದಿನ ಮಿಲಿಂದ್. 1958ರಲ್ಲಿ ಮರಾಠವಾಡ ವಿಶ್ವವಿದ್ಯಾಲಯ ಬಂತು. 1994ರಿಂದ ಅದಕ್ಕೆ ಅಂಬೇಡ್ಕರರ ಹೆಸರು.

ನಾಸಿಕದ ಎಲ್ಲರಿಗೂ ತೆರೆದ ಉಪನ್ಯಾಸ, ಮಿಲಿಂದದ ಹಿಂದಿದ್ದ ಸಾಮಾಜಿಕ ನ್ಯಾಯ ಎರಡೂ ಒಂದೇ ಸಂಸ್ಥೆಯಲ್ಲಿ ಕೂಡಿದ್ದು 1989ರಲ್ಲಿ. ಆ ವರ್ಷ ನಾಸಿಕದಲ್ಲಿ ಯಶವಂತರಾವ್ ಚವಾಣ್ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಮೊದಲ ಕುಲಪತಿ ರಾಮ್ ತಾಕವಲೆ. ಜ್ಞಾನಗಂಗೆ ಮನೆಮನೆಗೆ ಎಂಬುದು ಅದರ ಧ್ಯೇಯವಾಕ್ಯ. ಶಾಲೆ ಅರ್ಧಕ್ಕೆ ಬಿಟ್ಟವರೂ ಪೂರ್ವಸಿದ್ಧತಾ ಕೋರ್ಸ್ ಮುಗಿಸಿ ಪದವಿಗೆ ಸೇರುವ ದಾರಿಯನ್ನು ಅದು ತೆರೆಯಿತು. ಪಠ್ಯ ಮನೆಗೆ, ಸಂಪರ್ಕ ತರಗತಿ ಊರಿನ ಕಾಲೇಜಿನಲ್ಲಿ. ಔರಂಗಾಬಾದಿನಲ್ಲೂ ಪ್ರಾದೇಶಿಕ ಕೇಂದ್ರ ಬಂತು. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಆರಂಭಿಸಿದ ಅಂಚೆ ಶಿಕ್ಷಣ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಗಿ ಬೆಳೆಯಿತು.

ಪ್ರವೇಶದ ಬಾಗಿಲು ತೆರೆಯಿತಾದರೂ ಶುಲ್ಕ ಉಳಿದಿತ್ತು. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೂಡಿ 2003ರಲ್ಲಿ ಎನ್‌ಪಿಟಿಇಎಲ್ ಆರಂಭಿಸಿ, ತರಗತಿಯ ಪಾಠಗಳ ವಿಡಿಯೊಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟವು. 2011ರಲ್ಲಿ ಸ್ಟ್ಯಾನ್‌ಫೋರ್ಡಿನ ಕೃತಕ ಬುದ್ಧಿಮತ್ತೆ ಕೋರ್ಸಿಗೆ ಸುಮಾರು 1,60,000 ಮಂದಿ ಹೆಸರು ಕೊಟ್ಟ ಮೇಲೆ ಜಗತ್ತೆಲ್ಲ ಈ ಕಡೆ ತಿರುಗಿತು. 2014ರಲ್ಲಿ ಎನ್‌ಪಿಟಿಇಎಲ್ ಪ್ರಮಾಣಪತ್ರದ ಕೋರ್ಸ್ ಆರಂಭಿಸಿತು; 2017ರ ಜುಲೈಯಲ್ಲಿ ಆನ್‌ಲೈನ್ ಕೋರ್ಸುಗಳಿಗಾಗಿ ಕೇಂದ್ರ ಸರ್ಕಾರದ ಸ್ವಯಂ ವೇದಿಕೆ ಬಂತು.

ಎನ್‌ಪಿಟಿಇಎಲ್‌ನಲ್ಲಿ ಕೋರ್ಸಿನ ಅವಧಿ 4, 8 ಅಥವಾ 12 ವಾರ. ಪ್ರತಿ ವಾರ ಒಂದಷ್ಟು ವಿಡಿಯೊ, ಅದರ ಮೇಲೊಂದು ಅಸೈನ್‌ಮೆಂಟ್. ಕೊನೆಯ ದಿನಾಂಕ ತಪ್ಪಿದರೆ ಆ ವಾರದ ಅಂಕ ಹೋಯಿತು. ಆದರೆ 8 ವಾರದ ಕೋರ್ಸಿನಲ್ಲಿ ಅತ್ಯುತ್ತಮ 6 ಅಸೈನ್‌ಮೆಂಟುಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಮದುವೆ ಮುಂಜಿ, ಆಫೀಸಿನ ಲೆಕ್ಕಪರಿಶೋಧನೆ ಇರುವ ಸಂಸಾರಸ್ಥರಿಗೆ ಈ ಎರಡು ವಾರದ ರಿಯಾಯಿತಿ ದೊಡ್ಡದು. ಅಂತಿಮ ಅಂಕದಲ್ಲಿ ಅಸೈನ್‌ಮೆಂಟಿಗೆ ಶೇ 25, ಪರೀಕ್ಷೆಗೆ ಶೇ 75. ಪರೀಕ್ಷೆ ಮಾತ್ರ ಕೇಂದ್ರಕ್ಕೇ ಹೋಗಿ ಬರೆಯಬೇಕು, ಶುಲ್ಕ ಕೊಟ್ಟು.

ಕಲಿಕೆ ಉಚಿತ, ಪ್ರಮಾಣಪತ್ರಕ್ಕೆ ದುಡ್ಡು ಎಂಬ ಈ ಏರ್ಪಾಡನ್ನು ಆಕ್ಷೇಪಿಸುವವರಿದ್ದಾರೆ. ಕೆಲಸ ಹುಡುಕುವ ಹುಡುಗರ ಮಟ್ಟಿಗೆ ಆ ಆಕ್ಷೇಪ ನ್ಯಾಯವೇ. ಆದರೆ ಪದವಿ ಈಗಾಗಲೇ ಕೈಯಲ್ಲಿರುವವರಿಗೆ ಇನ್ನೊಂದು ಕಾಗದ ಏಕೆ? ಗೋದಾವರಿ ದಂಡೆಯ ಶ್ರೋತೃಗಳು ಅದನ್ನು ಕೇಳಿರಲಿಲ್ಲ.

ಕೊರತೆ ಬೇರೆ ಕಡೆ ಇದೆ. ಎನ್‌ಪಿಟಿಇಎಲ್ ತನ್ನ ಎಷ್ಟೋ ಪಾಠಗಳನ್ನು ಕನ್ನಡ, ಮರಾಠಿಗೆ ಅನುವಾದಿಸಿದೆ, ನಿಜ. ಆದರೆ ಮೊದಲೇ ಕನ್ನಡದಲ್ಲಿ ಯೋಚಿಸಿ ಮಾಡಿದ ಕಿರು ಪಾಠಗಳು ಬೇಕು. ಹಳಗನ್ನಡವೋ ಮಣ್ಣಿನ ವಿಜ್ಞಾನವೋ, ನಾಲ್ಕು ವಾರಕ್ಕೆ ಹೊಂದುವ ಪಾಠ ಹೇಳಬಲ್ಲ ಮೇಷ್ಟ್ರು ನಮ್ಮ ವಿಶ್ವವಿದ್ಯಾಲಯಗಳಲ್ಲಿದ್ದಾರೆ. ಹಳೆಯ ವಿದ್ಯಾರ್ಥಿ ಸಂಘದ ಮುಂದಿನ ಸಭೆಯಲ್ಲಿ ದೇಣಿಗೆಯ ವಿಷಯ ಬರುವ ಮೊದಲು ಅಂಥದ್ದೊಂದು ಪಾಠ ಕೇಳಿ ನೋಡಿ.