ನಿಮಗಿದು ಗೊತ್ತೆ?: ಹೊಲದ ನಡುವಿನ ಹುಲ್ಲುಪಟ್ಟಿ

ಅಮೆರಿಕದ ಅಯೋವಾದಲ್ಲಿ ಮೆಕ್ಕೆಜೋಳ, ಸೋಯಾ ಬೆಳೆಯುವ ಇಳಿಜಾರು ಹೊಲಗಳ ಹತ್ತರಲ್ಲಿ ಒಂದು ಪಾಲನ್ನು ಅಲ್ಲಿನದೇ ಹುಲ್ಲು, ಕಾಡುಹೂಗಳಿಗೆ ಬಿಟ್ಟು ನೋಡಿದರು. 2007ರಲ್ಲಿ ಶುರುವಾದ ಈ ಪ್ರಯೋಗ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ್ದು. ಸೆಟೆದು ನಿಲ್ಲುವ ಈ ಹುಲ್ಲು ಜಡಿಮಳೆಗೂ ಸುಲಭವಾಗಿ ಮಲಗುವುದಿಲ್ಲ. ಕೆಸರುನೀರಿನ ರಭಸ ಅದರ ಬುಡದಲ್ಲೇ ಮುರಿಯುತ್ತದೆ, ಮಣ್ಣು ಅಲ್ಲೇ ಕೂರುತ್ತದೆ. ಹೊಲದಿಂದ ಹರಿದುಹೋಗುವ ನೀರು ಶೇ 37ರಷ್ಟು ತಗ್ಗಿತು. ಕೊಚ್ಚಿಹೋಗುವ ಮಣ್ಣಂತೂ 20ರಲ್ಲಿ ಒಂದು ಪಾಲಿಗಿಳಿಯಿತು! ಪರಾಗಸ್ಪರ್ಶಕ ಕೀಟಗಳು 3.5 ಪಟ್ಟು, ಹಕ್ಕಿಗಳ ಬಗೆಗಳು ಎರಡು ಪಟ್ಟು ಹೆಚ್ಚಿದವು. ರೈತರು ಮೊದಲು ಕೇಳುವ, ಕೇಳಲೇಬೇಕಾದ ಪ್ರಶ್ನೆ ಇಳುವರಿಯದು. ಹುಲ್ಲಿಗೆ ಬಿಟ್ಟ ಜಾಗದ ಬೆಳೆ ಹೋಯಿತು, ನಿಜ. ಉಳಿದ ಜಮೀನಿನ ಎಕರೆವಾರು ಇಳುವರಿ ಕುಗ್ಗಲಿಲ್ಲ.