ನಕಲು ಮೂರ್ತಿಗಳ ಅಸಲಿ ಪ್ರಾಗ್

ಚೆಕ್ ಗಣರಾಜ್ಯದ ರಾಜಧಾನಿ ಪ್ರಾಗ್ ಎಂದರೆ ಮಧ್ಯಯುಗದಿಂದ ಹಾಗೇ ಉಳಿದುಬಂದ ಊರು ಎಂಬ ಮಾತು ಪ್ರವಾಸಿಗಳ ಬಾಯಲ್ಲಿ ಸದಾ ಇರುತ್ತದೆ. ಒಂದು ಬೆಳಗ್ಗೆ ಅಲ್ಲಿ ಕಾಲ್ನಡಿಗೆಯಲ್ಲಿ ಸುತ್ತಿದರೆ ಅದು ಅರ್ಧ ಸತ್ಯವೆಂದು ತಿಳಿಯುತ್ತದೆ. ತಲೆಮಾರುಗಳಿಂದ ರಿಪೇರಿ ಮಾಡುತ್ತಲೇ ಬಂದದ್ದರಿಂದ ಈ ಊರು ಉಳಿದಿದೆ. ಜನಜಂಗುಳಿ ಸೇರುವ ಮೊದಲೇ ಚಾರ್ಲ್ಸ್ ಸೇತುವೆಗೆ ಹೋಗಬೇಕು. ದೊರೆ ನಾಲ್ಕನೇ ಚಾರ್ಲ್ಸ್ 1357ರಲ್ಲಿ ಅಡಿಗಲ್ಲು ಹಾಕಿದ, ಅರ್ಧ ಕಿಲೋಮೀಟರಿನಷ್ಟು ಉದ್ದದ ಈ ಕಲ್ಲಿನ ಸೇತುವೆಯ ಎರಡೂ ಬದಿಗೆ ಸಂತರು ಸಾಲುಗಟ್ಟಿದ್ದಾರೆ. ಈ ಮೂರ್ತಿಗಳಲ್ಲಿ ಬಹುಪಾಲು ನಕಲು; ಗಾಳಿಮಳೆಗೆ ಸವೆಯುತ್ತಿದ್ದ ಮರಳುಗಲ್ಲಿನ ಮೂಲಗಳನ್ನು ಬೇರೆಡೆ ಕಾಪಿಡಲಾಗಿದೆ. 1683ರ ಸಂತ ನೆಪೊಮುಕ್ ಕಂಚಿನವನಾದ್ದರಿಂದ ತನ್ನ ಜಾಗ ಬಿಟ್ಟಿಲ್ಲ. ಅವನ ಪೀಠದ ಕಪ್ಪಾದ ಫಲಕಗಳನ್ನು ಅದೃಷ್ಟಕ್ಕೆಂದು ಜನ ಉಜ್ಜಿ ಉಜ್ಜಿ ಅಲ್ಲಲ್ಲಿ ಚಿನ್ನದ ಹೊಳಪು ಬಂದಿದೆ. ಸೇತುವೆಯೂ 1890ರ ಪ್ರವಾಹದಲ್ಲಿ ಕಮಾನುಗಳನ್ನು ಕಳೆದುಕೊಂಡು ಮತ್ತೆ ಕಟ್ಟಿಸಿಕೊಂಡದ್ದೇ. ಎದುರು ಗುಡ್ಡದ ಸೇಂಟ್ ವಿಟಸ್ ಕೆಥೆಡ್ರಲ್‌ನ ಕೆಲಸ 1344ರಲ್ಲಿ ಶುರುವಾಯಿತು, ಮುಗಿದದ್ದು 1929ರಲ್ಲಿ!

ಹಾಗಾದರೆ ನೋಡುತ್ತಿರುವುದು ಬರೀ ಸಿನಿಮಾ ಸೆಟ್ಟೇ ಎಂದು ಯಾರಾದರೂ ಕೇಳಬಹುದು. ಉತ್ತರ ಹಳೆಯ ಪೇಟೆಯ ಪುರಭವನದ ಗೋಪುರದಲ್ಲಿದೆ. 1410ರ ಖಗೋಳ ಗಡಿಯಾರ ಒಂಬತ್ತು ಹೊಡೆಯುವ ಹೊತ್ತಿಗೆ ಕೆಳಗೆ ಮೊಬೈಲುಗಳ ಕಾಡೇ ಎದ್ದಿರುತ್ತದೆ. ಅಸ್ಥಿಪಂಜರ ಗಂಟೆಯ ಹಗ್ಗ ಜಗ್ಗುತ್ತದೆ, ಮೇಲಿನ ಎರಡು ಕಿಂಡಿಗಳಲ್ಲಿ ಕ್ರಿಸ್ತನ ಹನ್ನೆರಡು ಶಿಷ್ಯರು ಮುಖ ತೋರಿಸಿ ಸರಿಯುತ್ತಾರೆ. (ಇಷ್ಟೇನಾ ಎಂದು ಗೊಣಗುವವರೂ ಉಂಟು.) ಈ ಶಿಷ್ಯರು ಎರಡನೇ ಮಹಾಯುದ್ಧದ ನಂತರ ಕೆತ್ತಲಾದವರು, ಹಿಂದಿನವರು 1945ರ ಮೇ ತಿಂಗಳ ಬೆಂಕಿಯಲ್ಲಿ ಸುಟ್ಟುಹೋದರು. ಕೆಳಗಿನ ಪಂಚಾಂಗದ ಚಕ್ರ, ಯೋಸೆಫ್ ಮಾನೆಸ್ 19ನೇ ಶತಮಾನದಲ್ಲಿ ಬರೆದ ಚಿತ್ರಗಳ ನಕಲು. 2018ರಲ್ಲಿ ಮುಗಿದ ದುರಸ್ತಿಯಲ್ಲಿ ಹೊಸ ನಕಲು ಕೂರಿಸಿದಾಗ ಮುಖಗಳೇ ಬದಲಾಗಿವೆ ಎಂದು ಆಮೇಲೆ ಆಕ್ಷೇಪ ಎದ್ದು, ಸುದ್ದಿ ದೇಶದ ಗಡಿ ದಾಟಿತು. ಸಿನಿಮಾ ಸೆಟ್ಟಿಗೆ ಇಂಥ ತಕರಾರು ಯಾರೂ ತೆಗೆಯುವುದಿಲ್ಲ. ಮಾನೆಸ್‌ನ ಮೂಲ ನಗರದ ಮ್ಯೂಸಿಯಂನಲ್ಲಿ ಇರುವುದರಿಂದಲೇ ನಕಲಿನ ತಪ್ಪನ್ನು ಬೆರಳಿಟ್ಟು ತೋರಿಸಲು ಸಾಧ್ಯವಾಯಿತು. ಮೂಲಕ್ಕೆ ಲೆಕ್ಕ ಒಪ್ಪಿಸುವ ನಕಲು ಮೋಸವಲ್ಲ. ಜೀರ್ಣೋದ್ಧಾರವಾದ ಗುಡಿಯನ್ನು ಹೊಸದೆಂದು ನಾವು ದೂರವಿಡುತ್ತೇವೆಯೇ?

ಎಲ್ಲವನ್ನೂ ಮರಳಿ ಕಟ್ಟಿದರೆ ಆದ ಪೆಟ್ಟೇ ಮರೆತುಹೋಗುವುದಿಲ್ಲವೇ ಎಂಬ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ಆದರೆ ಪ್ರಾಗ್ ಎಲ್ಲವನ್ನೂ ಕಟ್ಟಿಲ್ಲ. 1945ರ ಅದೇ ಬೆಂಕಿಗೆ ಬಿದ್ದ ಪುರಭವನದ ಉತ್ತರದ ಭಾಗಕ್ಕೆ ಹಲವು ಬಾರಿ ವಾಸ್ತುಶಿಲ್ಪ ಸ್ಪರ್ಧೆಗಳು ನಡೆದರೂ ಒಂದು ನಕ್ಷೆಯೂ ಕಟ್ಟಡವಾಗಲಿಲ್ಲ. ಕಾಯಂ ಕಟ್ಟಡ ಏಳದ ಆ ಜಾಗ ಗಡಿಯಾರದಿಂದ ಕೆಲವೇ ಹೆಜ್ಜೆ. ಅದನ್ನು ತುಂಬಬೇಕೋ ಬಿಡಬೇಕೋ ಎಂಬ ವಾದ ಊರಲ್ಲಿ ಮುಗಿದಿಲ್ಲ. ತಿರುಗಾಟದ ಕೊನೆಯ ಅರ್ಧ ಗಂಟೆಯನ್ನು ಸ್ಮರಣಿಕೆ ಅಂಗಡಿಗಳಿಗಿಂತ ಅಲ್ಲಿ ಕಳೆಯುವುದು ಲೇಸು.